ಐಎಕ್ಸ್-812: ಬಜ್ಪೆಯ ರನ್‌ವೇ ಸಾಲದಾಯಿತೇ?

ಮಂಗಳೂರು ವಿಮಾನ ನಿಲ್ದಾಣದ ಮಾತು ಬಂದರೆ "ಟೇಬಲ್ ಟಾಪ್" ಅನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಐಎಕ್ಸ್-812 ಸಂಖ್ಯೆಯ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಅಂದಿನಿಂದ ಈ ಎರಡು ಪದಗಳೇ ಊರಿನ ಮಟ್ಟಿಗೆ ತೀರ್ಪು. ಗುಡ್ಡದ ಮೇಲೆ ರನ್‌ವೇ ಕಟ್ಟಿದರೆ ಇನ್ನೇನಾಗುತ್ತದೆ ಅಂತ ಕೇಳಿ ಮಾತು ಮುಗಿಸುವವರೇ ಹೆಚ್ಚು. ಆದರೆ ತನಿಖಾ ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದರೆ ಗುಡ್ಡದ ಸರದಿ ಬರುವುದು ತೀರಾ ತಡವಾಗಿ. ಅಷ್ಟರೊಳಗೆ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ.

ಮೊದಲು ಜಾಗದ ವಿಚಾರ. ಬಜ್ಪೆಯ ಪದವಿನಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರಲ್ಲಿ. ಹಳೆಯ ರನ್‌ವೇ 1,615 ಮೀಟರ್ ಉದ್ದದ್ದು, ಜೆಟ್‌ಗಳ ಕಾಲಕ್ಕೆ ಗಿಡ್ಡ. 1981ರ ಆಗಸ್ಟ್‌ನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಅದೇ ರನ್‌ವೇಯನ್ನು ಮೀರಿ ಹೋಗಿ ಗುಡ್ಡದ ಅಂಚಿನಲ್ಲಿ ನಿಂತಿತ್ತು. ಯಾರೂ ಸಾಯಲಿಲ್ಲವಾದ್ದರಿಂದ ಅದು ಬೇಗ ಮರೆತುಹೋಯಿತು. 2006ರಲ್ಲಿ 2,450 ಮೀಟರಿನ, ಅಂದರೆ 8,033 ಅಡಿಯ ಎರಡನೇ ರನ್‌ವೇ ಬಳಕೆಗೆ ಬಂತು. ಕೊಲ್ಲಿ ದೇಶಗಳಿಗೆ ನೇರ ವಿಮಾನ ಶುರುವಾದದ್ದೂ ಅದೇ ವರ್ಷ. ಕೆಂಜಾರು ಬದಿಯ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ 15ರಂದು, ದುರಂತಕ್ಕೆ ಸರಿಯಾಗಿ ಒಂದು ವಾರ ಮೊದಲು.

ಹೊಸ ರನ್‌ವೇ ಕೂಡ ಗುಡ್ಡದ ಮೇಲಿನದೇ. ಎರಡು ತುದಿಗಳಲ್ಲೂ ಇಳಿಜಾರು. ಆದರೆ ಆ ದಿನ ಬಂದ ಬೋಯಿಂಗ್ 737-800 ಮಾದರಿಯ ವಿಮಾನಕ್ಕೆ 8,033 ಅಡಿ ಕಡಿಮೆಯೇನಲ್ಲ. ಅಂದು ರನ್‌ವೇ ಒಣಗಿತ್ತು, ಗಾಳಿ ಇರಲಿಲ್ಲ, 6 ಕಿಲೋಮೀಟರ್ ದೂರದವರೆಗೆ ಕಾಣುತ್ತಿತ್ತು. ಮಳೆ, ಮಂಜು, ಯಂತ್ರದ ದೋಷ ಯಾವುದೂ ಈ ಪ್ರಕರಣದಲ್ಲಿ ಇಲ್ಲ. ಹಾಗಾಗಿಯೇ ಇದು ಅಭ್ಯಾಸಕ್ಕೆ ಯೋಗ್ಯ. ದೂರಲು ಪ್ರಕೃತಿಯಿಲ್ಲದಾಗ ಮನುಷ್ಯರೂ ಅವರ ನಿಯಮಗಳೂ ನಿಚ್ಚಳವಾಗಿ ಕಾಣುತ್ತವೆ.

ರಾತ್ರಿಯ ಪಾಳಿ

ಮಂಗಳೂರು–ದುಬೈ ಮಾರ್ಗದ ಆ ಜೋಡಿ ಹಾರಾಟದಲ್ಲಿ ಹೋಗುವುದು, ಬರುವುದು ಎರಡೂ ಒಂದೇ ತಂಡದ ಕೆಲಸ. ರಾತ್ರಿ ಒಂಬತ್ತೂವರೆ ಸುಮಾರಿಗೆ ಮಂಗಳೂರಿನಿಂದ ಹೊರಟು, ದುಬೈಯಲ್ಲಿ ಪ್ರಯಾಣಿಕರನ್ನು ಇಳಿಸಿ ಹತ್ತಿಸಿಕೊಂಡು, ಬೆಳಗಿನ ಜಾವಕ್ಕೆ ವಾಪಸ್. ಕಡಿಮೆ ದರದ ಟಿಕೆಟಿನ ಲೆಕ್ಕಾಚಾರ ಇದು: ವಿಮಾನ ನೆಲದ ಮೇಲೆ ನಿಂತಷ್ಟು ಹೊತ್ತು ನಷ್ಟ, ರಾತ್ರಿಯೂ ಹಾರುತ್ತಿದ್ದರೆ ಮಾತ್ರ ಟಿಕೆಟ್ ಅಗ್ಗವಾಗುತ್ತದೆ. ಕರಾವಳಿ ಮತ್ತು ಕಾಸರಗೋಡಿನ ದುಡಿಯುವ ಜನರಿಗೆ ಈ ವಿಮಾನಗಳು ಬಸ್ಸಿದ್ದಂತೆ. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಬೆಲೆಯ ಒಂದು ಪಾಲನ್ನು ಪೈಲಟ್‌ಗಳ ನಿದ್ದೆ ಕಟ್ಟುತ್ತದೆ ಅನ್ನುವುದೂ ನಿಜ.

ಭಾರತೀಯ ಸಮಯ ರಾತ್ರಿ 2 ಗಂಟೆ 36 ನಿಮಿಷಕ್ಕೆ ವಿಮಾನ ದುಬೈ ಬಿಟ್ಟಿತು. 160 ಪ್ರಯಾಣಿಕರು, 6 ಮಂದಿ ಸಿಬ್ಬಂದಿ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮೀರಿದ ಹಾರಾಟದ ಅನುಭವ. ಸಹ ಪೈಲಟ್‌ಗೆ ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಮಂಗಳೂರಿನ ಮಟ್ಟಿಗೆ ಲೆಕ್ಕ ತಿರುಗುಮುರುಗು: ಕ್ಯಾಪ್ಟನ್ ಅದುವರೆಗೆ ಇಲ್ಲಿಗೆ ಬಂದದ್ದು 16 ಸಲ, ಸಹ ಪೈಲಟ್ 66 ಸಲ.

ಕಾಕ್‌ಪಿಟ್‌ನ ಧ್ವನಿಮುದ್ರಣ ಯಂತ್ರ ಕೊನೆಯ ಎರಡು ಗಂಟೆ ಐದು ನಿಮಿಷಗಳನ್ನು ಮಾತ್ರ ಉಳಿಸಿಕೊಂಡಿತ್ತು. ಅದರಲ್ಲಿ ಮೊದಲ ಒಂದು ಗಂಟೆ 40 ನಿಮಿಷ ಕ್ಯಾಪ್ಟನ್ ಮಾತಿಲ್ಲ. ಗೊರಕೆ, ದೀರ್ಘ ಉಸಿರು. ಇಳಿಯಲು ಇನ್ನು ಸುಮಾರು 25 ನಿಮಿಷ ಇರುವಾಗ ಅವರು ಎಚ್ಚೆತ್ತರು. ಅಷ್ಟೂ ಹೊತ್ತು ರೇಡಿಯೊ, ಯಂತ್ರಗಳು, ಇಳಿಕೆಯ ತಯಾರಿ ಎಲ್ಲ ಒಬ್ಬರ ಮೇಲೆ.

ಪೈಲಟ್ ನಿದ್ದೆ ಮಾಡಿದ್ದೇ ಅಪರಾಧ ಎನ್ನುವಷ್ಟು ಸರಳವಲ್ಲ ಇದು. ಕೆಲವು ದೇಶಗಳು ಸೀಟಿನಲ್ಲೇ ಸರದಿಯ ಮೇಲೆ ಕಣ್ಣು ಮುಚ್ಚುವುದಕ್ಕೆ ಒಪ್ಪುತ್ತವೆ. ಆದರೆ ಮುಕ್ಕಾಲು ಗಂಟೆ ಮೀರುವಂತಿಲ್ಲ, ಎದ್ದವರು ಇಳಿಕೆ ಶುರುವಾಗುವ ಮೊದಲೇ ಪೂರ್ತಿ ಎಚ್ಚರಗೊಂಡಿರಬೇಕು. ಗಾಢ ನಿದ್ದೆಯಿಂದ, ಅದರಲ್ಲೂ ನಸುಕಿನ ಹೊತ್ತಿನಲ್ಲಿ ಎದ್ದವರ ಮೈ ಎದ್ದಿರುತ್ತದೆ, ಬುದ್ಧಿ ಎದ್ದಿರುವುದಿಲ್ಲ. ಈ ಮಂಪರು ಅರ್ಧ ಗಂಟೆಯವರೆಗೂ ಉಳಿಯಬಹುದು. ಲೆಕ್ಕ ತಪ್ಪುತ್ತದೆ, ಹಿಡಿದ ನಿರ್ಧಾರವನ್ನು ಬಿಡಲಾಗುವುದಿಲ್ಲ. ಮುಂದೆ ನಡೆದದ್ದನ್ನು ನೋಡಿದರೆ ಇವೆರಡೂ ಇದ್ದಂತೆ ಕಾಣುತ್ತದೆ.

ಎತ್ತರ ಕರಗಲಿಲ್ಲ

ಮಂಗಳೂರಿನ ರಾಡಾರ್ ಮೇ 20ರಿಂದ ಕೆಟ್ಟಿತ್ತು. ಪೈಲಟ್‌ಗಳಿಗೆ ಅದರ ಸೂಚನೆ ಹೋಗಿತ್ತು. ರಾಡಾರ್ ಇಲ್ಲದಿದ್ದಾಗ ನಿಯಂತ್ರಕರು ವಿಮಾನಗಳನ್ನು ಕಾಣುವುದಿಲ್ಲ. ಪೈಲಟ್ ಹೇಳುವ ದೂರ, ಎತ್ತರಗಳನ್ನು ನಂಬಿ ಅವುಗಳ ನಡುವೆ ಅಂತರ ಕಾಯುತ್ತಾರೆ. ಹಾಗಾಗಿ ಸಹ ಪೈಲಟ್ ಸುಮಾರು 130 ಮೈಲು ದೂರದಲ್ಲಿ ಇಳಿಕೆ ಕೇಳಿದಾಗ ಸಿಗಲಿಲ್ಲ, 80 ಮೈಲಿಗೆ ಬಂದು ತಿಳಿಸಿ ಅಂದರು. ಕೊನೆಗೆ ಅನುಮತಿ ಸಿಕ್ಕಿದ್ದು 77 ಮೈಲು ದೂರದಲ್ಲಿ.

ಪೈಲಟ್‌ಗಳು ಬಾಯಿಲೆಕ್ಕದಲ್ಲಿ ಸಾವಿರ ಅಡಿ ಇಳಿಯಲು ಮೂರು ಮೈಲು ಹಿಡಿಯುತ್ತಾರೆ. 37,000 ಅಡಿಯಲ್ಲಿರುವ ವಿಮಾನಕ್ಕೆ ನೂರಹತ್ತು ಮೈಲು ಬೇಕು, ವೇಗ ತಗ್ಗಿಸಲು ಇನ್ನೊಂದಿಷ್ಟು. 77 ಮೈಲಿನಲ್ಲಿ ಇಳಿಕೆ ಶುರುವಾದರೆ ಹತ್ತು ಸಾವಿರ ಅಡಿಗೂ ಹೆಚ್ಚು ಎತ್ತರ ಸಾಲವಾಗಿ ಉಳಿಯುತ್ತದೆ. ನಿಲ್ದಾಣಕ್ಕೆ ನೇರವಾಗಿ ಬರದೆ ಬಳಸಿ ತಿರುಗಿ ಬರುವ ಹಾದಿ ಅವರದ್ದಾದ್ದರಿಂದ ಅದರಲ್ಲಿ ಒಂದು ಪಾಲು ತೀರಬೇಕಿತ್ತು. ರೆಕ್ಕೆಯ ಮೇಲಿನ ವೇಗತಡೆ ಫಲಕಗಳನ್ನು ಎತ್ತಿದರು, ಚಕ್ರಗಳನ್ನೂ ಮುಂಚಿತವಾಗಿಯೇ ಇಳಿಸಿದರು. ಆದರೂ ಪೂರ್ತಿ ತೀರಲಿಲ್ಲ.

ಇಲ್ಲಿ ರಾಡಾರನ್ನು ದೂರುವುದು ಸುಲಭ. ವರದಿಯೂ ಅದನ್ನು ಪೂರಕ ಕಾರಣಗಳಲ್ಲಿ ಸೇರಿಸಿದೆ. ನನಗೆ ಅನ್ನಿಸುವುದು ಬೇರೆ: ರಾಡಾರ್ ಇಲ್ಲವೆಂದು ಗೊತ್ತಿದ್ದ ಮೇಲೆ ತಡವಾದ ಇಳಿಕೆ ಅನಿರೀಕ್ಷಿತವೇನಲ್ಲ. ಎತ್ತರ ಜಾಸ್ತಿ ಇದ್ದರೆ ಆಕಾಶದಲ್ಲೇ ಒಂದು ಸುತ್ತು ಹಾಕಿ ಕರಗಿಸಿಕೊಳ್ಳಬಹುದು. ಅದಕ್ಕೆ ಖರ್ಚು ಕೆಲವು ನಿಮಿಷ, ಒಂದಿಷ್ಟು ಇಂಧನ. ಯಾರೂ ಅವರನ್ನು ಅವಸರ ಮಾಡಿರಲಿಲ್ಲ.

ಅಂತಿಮ ಹಂತಕ್ಕೆ ಬಂದಾಗ ವಿಮಾನ ಇರಬೇಕಾದ ಎತ್ತರದ ಹತ್ತಿರಹತ್ತಿರ ಎರಡರಷ್ಟು ಮೇಲಿತ್ತು. ಭೂಮಿಯಿಂದ 2,500 ಅಡಿ ಎಂದು ಯಂತ್ರ ಕೂಗಿದಾಗ ಸಹ ಪೈಲಟ್ ತುಂಬ ಎತ್ತರದಲ್ಲಿದ್ದೇವೆ ಅಂದರು, ರನ್‌ವೇ ನೇರ ಕೆಳಗೇ ಇದೆ ಅಂದರು. ಕ್ಯಾಪ್ಟನ್ ಆಟೋಪೈಲಟ್ ತೆಗೆದು ಮೂತಿ ತಗ್ಗಿಸಿದರು. ಇಳಿಕೆ ನಿಮಿಷಕ್ಕೆ ಸುಮಾರು 4,000 ಅಡಿಯವರೆಗೂ ಹೋಯಿತು. ಈ ಹಂತದಲ್ಲಿ ಸಾವಿರ ಅಡಿ ಮೀರಿದರೇ ಅದು ಸ್ಥಿರವಲ್ಲದ ಇಳಿಕೆ, ಬಿಟ್ಟು ಮೇಲೇರಬೇಕು ಅನ್ನುವುದು ನಿಯಮ. ನೆಲ ಹತ್ತಿರವಾಗುತ್ತಿದೆಯೆಂದು ಎಚ್ಚರಿಸುವ ಯಂತ್ರ ಬಿಡದೆ ಕೂಗುತ್ತಿತ್ತು. ಸಹ ಪೈಲಟ್ "ಗೋ ಅರೌಂಡ್", ಅಂದರೆ ಇಳಿಕೆ ಬಿಟ್ಟು ಮತ್ತೆ ಮೇಲೇರೋಣ, ಅಂದರು. ಮತ್ತೆ ಅಂದರು. ಒಟ್ಟು ಮೂರು ಸಲ ಅಂದದ್ದು ದಾಖಲಾಗಿದೆ.

ರನ್‌ವೇ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿಯಲ್ಲಿ, 160 ನಾಟ್ ಮೀರಿದ ವೇಗದಲ್ಲಿ. ಮೂರು ಡಿಗ್ರಿಯ ಸಾಮಾನ್ಯ ಇಳಿಜಾರಿನಲ್ಲಿ ಹೆಚ್ಚುವರಿ 150 ಅಡಿ ಎತ್ತರ ಸುಮಾರು 2,850 ಅಡಿ ರನ್‌ವೇಯನ್ನು ನುಂಗುತ್ತದೆ. ಹೆಚ್ಚುವರಿ ವೇಗದಿಂದಾಗಿ ಬ್ರೇಕುಗಳು ಹೀರಬೇಕಾದ ಶಕ್ತಿ ಕಾಲು ಪಾಲಿನ ಹತ್ತಿರ ಏರುತ್ತದೆ. ಚಕ್ರ ನೆಲಕ್ಕೆ ಗಟ್ಟಿಯಾಗಿ ಊರಿದ್ದು 5,200 ಅಡಿ ದಾಟಿದ ಮೇಲೆ. ಉಳಿದದ್ದು 2,800 ಅಡಿ.

ಆದರೂ ನಿಲ್ಲಬಹುದಿತ್ತು

ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ಲೆಕ್ಕ ಒಂದಿದೆ. ನೆಲ ಮುಟ್ಟಿದ ಕೂಡಲೇ ಇಂಜಿನ್ನಿನ ಹಿಮ್ಮುಖ ಒತ್ತಡವನ್ನೂ ಕಾಲಿನ ಬ್ರೇಕನ್ನೂ ಪೂರ್ತಿ ಬಳಸಿದ್ದರೆ ವಿಮಾನ ರನ್‌ವೇ ಶುರುವಿನಿಂದ 7,600 ಅಡಿಯೊಳಗೆ ನಿಲ್ಲುತ್ತಿತ್ತು. ಡಾಂಬರು ಇದ್ದದ್ದು 8,033 ಅಡಿಯವರೆಗೆ. ಅಂದರೆ ಅಷ್ಟೆಲ್ಲ ಕೆಟ್ಟು ಹೋದ ಮೇಲೂ ನಾನೂರು ಅಡಿಗೂ ಹೆಚ್ಚು ಜಾಗ ಕೈಯಲ್ಲಿತ್ತು. ರನ್‌ವೇ ಗಿಡ್ಡದಾಯಿತು ಅನ್ನುವ ವಾದ ಇಲ್ಲಿಗೆ ಮುಗಿಯುತ್ತದೆ.

ಆದದ್ದು ಏನು? ಹಿಮ್ಮುಖ ಒತ್ತಡ ಹಾಕಿದರು, ಬ್ರೇಕ್ ಶುರುವಾಯಿತು. ಆರು ಸೆಕೆಂಡಿನಲ್ಲಿ ಮನಸ್ಸು ಬದಲಾಯಿತು. ಹಿಮ್ಮುಖ ಒತ್ತಡ ತೆಗೆದು ಥ್ರಾಟಲ್ ಮುಂದೆ ತಳ್ಳಿ ಮತ್ತೆ ಹಾರಲು ನೋಡಿದರು. ಬೋಯಿಂಗ್ ಕಂಪನಿಯ ನಿಯಮದಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಹಿಮ್ಮುಖ ಒತ್ತಡ ಒಮ್ಮೆ ಹಾಕಿದರೆ ಏನೇ ಆಗಲಿ ನಿಲ್ಲಿಸಲೇಬೇಕು. ಹಿಮ್ಮುಖ ಒತ್ತಡಕ್ಕೆಂದು ಇಂಜಿನ್ನಿನಲ್ಲಿ ತೆರೆದುಕೊಂಡ ಭಾಗಗಳು ಮತ್ತೆ ಮುಚ್ಚಿ ಇಂಜಿನ್ ಮುಂದಕ್ಕೆ ತಳ್ಳುವಷ್ಟು ಹೊತ್ತು ಸಿಗುವುದಿಲ್ಲ ಅನ್ನುವುದೇ ಅದಕ್ಕೆ ಕಾರಣ. ಮೂರು ಸಲ ಕೇಳದೆ ಹೋದ "ಗೋ ಅರೌಂಡ್" ಸಲಹೆಯನ್ನು ಕೇಳಬಾರದ ಹೊತ್ತಿನಲ್ಲಿ ಪಾಲಿಸಿದಂತಾಯಿತು.

ವಿಮಾನ ರನ್‌ವೇ ಮುಗಿಸಿ, ಅದರಾಚೆಯ 90 ಮೀಟರಿನ ಸುರಕ್ಷತಾ ಪಟ್ಟಿಯನ್ನೂ ದಾಟಿತು. ಬಲ ರೆಕ್ಕೆ ಇಳಿಕೆಗೆ ದಾರಿ ತೋರುವ ಲೋಕಲೈಸರ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿದು ತುಂಡಾಯಿತು. ಬೇಲಿ ಮುರಿದು ಕಣಿವೆಗೆ ಉರುಳಿ ಬೆಂಕಿ ಹತ್ತಿತು. ಒಡೆದ ಒಡಲಿನ ಸಂದಿಯಿಂದ ಹೊರಬಿದ್ದ 8 ಪ್ರಯಾಣಿಕರು ಬದುಕಿದರು. ಮೊದಲು ಓಡಿ ಬಂದವರು ಕೆಳಗಿನ ಊರುಗಳ ಜನ. ನಿಲ್ದಾಣದ ಅಗ್ನಿಶಾಮಕ ವಾಹನಗಳು ಗೇಟು ದಾಟಿ ಇಕ್ಕಟ್ಟಿನ ತಿರುವುಗಳ ರಸ್ತೆ ಹಿಡಿದು ಇಳಿಯಬೇಕಿತ್ತು.

ನಿಲ್ದಾಣದ ಹೊಣೆಯ ಪ್ರಶ್ನೆ ಬರುವುದು ಇಲ್ಲಿ. ದಾರಿ ತಪ್ಪಿ ಬರುವ ವಿಮಾನಕ್ಕೆ ಎದುರಾಗುವ ಯಾವ ವಸ್ತುವೂ ತಾಗಿದರೆ ಪುಡಿಯಾಗುವಂತಿರಬೇಕು ಅನ್ನುವುದು ಎಲ್ಲ ಕಡೆಯ ಮೂಲಪಾಠ. ಇಲ್ಲಿ ಕಾಂಕ್ರೀಟಿತ್ತು. ಸುರಕ್ಷತಾ ಪಟ್ಟಿ ಅಂತರರಾಷ್ಟ್ರೀಯ ನಿಯಮದ ಕನಿಷ್ಠ 90 ಮೀಟರ್ ಮಾತ್ರ, ಅದೇ ನಿಯಮ ಸೂಚಿಸುವ 240 ಮೀಟರ್ ಅಲ್ಲ. ಸಮತಟ್ಟಾದ ಊರಿನಲ್ಲಿ 90 ಮೀಟರ್ ಮುಗಿದರೆ ಆಚೆ ಗದ್ದೆಯೋ ಬಯಲೋ ಇರುತ್ತದೆ. ಬಜ್ಪೆಯಲ್ಲಿ ಗುಡ್ಡವೇ ಮುಗಿಯುತ್ತದೆ. ಕನಿಷ್ಠ ನಿಯಮ ಕಡಿಮೆಯಾಗುವ ಜಾಗ ಯಾವುದಾದರೂ ಇದ್ದರೆ ಅದು ಇಂಥದ್ದೇ. ಆಚೆಯ ಇಳಿಜಾರನ್ನು ರನ್‌ವೇ ಮಟ್ಟಕ್ಕೆ ಏರಿಸಬೇಕು, ಚಕ್ರ ಹೂತು ವೇಗ ಇಳಿಯುವಂತೆ ಪುಡಿಯಾಗುವ ಹಗುರ ಕಾಂಕ್ರೀಟಿನ ಹಾಸು ಹಾಕುವುದನ್ನು ಪರಿಶೀಲಿಸಬೇಕು, ಇನ್ನೆಷ್ಟು ರನ್‌ವೇ ಉಳಿದಿದೆಯೆಂದು ಪೈಲಟ್‌ಗೆ ಕಾಣುವ ಫಲಕ ಹಾಕಬೇಕು ಎಂದು ವರದಿ ಹೇಳಿತು. ಇವು ಯಾವುದೂ ಅಪಘಾತವನ್ನು ತಡೆಯುವಂಥವಲ್ಲ, ಸಾವಿನ ಲೆಕ್ಕವನ್ನು ಬದಲಿಸುವಂಥವು. ಟೇಬಲ್ ಟಾಪ್ ಎಂಬ ಮಾತಿಗೆ ನಾನು ಒಪ್ಪುವುದು ಇಷ್ಟರ ಮಟ್ಟಿಗೆ: ಗುಡ್ಡ ತಪ್ಪು ಮಾಡಿಸಲಿಲ್ಲ, ಮಾಡಿದ ತಪ್ಪನ್ನು ಮನ್ನಿಸಲಿಲ್ಲ.

ಕೈ ಯಾಕೆ ಮುಂದೆ ಬರಲಿಲ್ಲ

ಪ್ರಕರಣದ ಗಂಟು ಇರುವುದು ಸಹ ಪೈಲಟ್ ಬಳಿ. ತಪ್ಪಾಗುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದರು. ಹೇಳುವುದಕ್ಕೆ ಅಂಜಿ ಸುಮ್ಮನೆ ಕುಳಿತ ಸಹ ಪೈಲಟ್‌ನ ಕಥೆ ವಿಮಾನಯಾನದ ಪಾಠಗಳಲ್ಲಿ ಬೇಕಾದಷ್ಟಿವೆ, ಇದು ಆ ಸಾಲಿನದಲ್ಲ. ಅವರು ಮಾಡದೆ ಉಳಿದದ್ದು ಒಂದೇ, ನಿಯಂತ್ರಣ ಕಿತ್ತುಕೊಳ್ಳುವುದು. ಸಹ ಪೈಲಟ್ ತಾನೇ ಇಳಿಕೆಯನ್ನು ರದ್ದು ಮಾಡಬಹುದೇ ಅನ್ನುವ ಬಗ್ಗೆ ಇದ್ದ ಸೂಚನೆಗಳಲ್ಲೇ ಗೊಂದಲವಿತ್ತು, ಬಹುಶಃ ಅದಕ್ಕೇ ಅವರು ಕೈಹಾಕಲಿಲ್ಲ ಅಂತ ವರದಿ ಹೇಳುತ್ತದೆ.

ಇದರ ಮೇಲೆ ಮಂಗಳೂರಿನದ್ದೇ ಇನ್ನೊಂದು ನಿಯಮ. ಅಪಾಯದ ನಿಲ್ದಾಣವಾದ್ದರಿಂದ ಇಲ್ಲಿ ಏರಿಸುವುದು, ಇಳಿಸುವುದು ಕ್ಯಾಪ್ಟನ್ ಮಾತ್ರ. ಸುರಕ್ಷತೆಗೆಂದೇ ಮಾಡಿದ ನಿಯಮ, ಕಾಗದದ ಮೇಲೆ ಸರಿಯಾಗಿಯೂ ಇದೆ. ಆದರೆ ಅದರ ಇನ್ನೊಂದು ಮುಖ ನೋಡಿ. 66 ಸಲ ಇಲ್ಲಿಗೆ ಬಂದ ಮನುಷ್ಯ ಒಮ್ಮೆಯೂ ಇಲ್ಲಿ ತನ್ನ ಕೈಯಿಂದ ಇಳಿಸುವಂತಿಲ್ಲ. ಈ ರನ್‌ವೇಯಲ್ಲಿ ನಿನ್ನ ಕೈ ಇರಬಾರದು ಎಂದು ಪ್ರತಿ ಹಾರಾಟದಲ್ಲೂ ಕಲಿಸಿ, ಒಂದು ಬೆಳಗ್ಗೆ ಕೆಲವೇ ಸೆಕೆಂಡುಗಳಲ್ಲಿ ಹಿರಿಯನ ಕೈಯಿಂದ ಕಸಿದುಕೋ ಅಂದರೆ ಆಗುತ್ತದೆಯೇ? ವರದಿ ಇದನ್ನು ಹೀಗೆ ಜೋಡಿಸುವುದಿಲ್ಲ, ಇದು ನನ್ನ ಊಹೆ.

ಕ್ಯಾಪ್ಟನ್ ಕಡೆಯಿಂದಲೂ ಒಂದು ಒತ್ತಡವಿತ್ತು. ವಿಮಾನ ನೆಲಕ್ಕೆ ಬಡಿದಂತೆ ಇಳಿದರೆ ಹಾರಾಟದ ದತ್ತಾಂಶ ನೋಡುವ ವಿಭಾಗ ಪೈಲಟ್‌ನನ್ನು ಕರೆದು ವಿಚಾರಿಸುತ್ತಿತ್ತು. ಆ ಸಂಸ್ಥೆ ಇಟ್ಟುಕೊಂಡಿದ್ದ ಮಿತಿ 1.65 ಜಿ, ಅಂದರೆ ಗುರುತ್ವಾಕರ್ಷಣೆಯ 1.65 ಪಟ್ಟು ಹೊಡೆತ, ತಯಾರಕರ ಮಿತಿಗಿಂತ ಬಹಳ ಬಿಗಿ. ಹೀಗೆ ಕರೆಸಿಕೊಳ್ಳುವ ಭಯವಿದ್ದರೆ ಪೈಲಟ್ ಏನು ಮಾಡುತ್ತಾನೆ? ಚಕ್ರ ಮೆತ್ತಗೆ ತಾಗುವವರೆಗೆ ರನ್‌ವೇ ಮೇಲೆ ತೇಲಿಸುತ್ತಾನೆ. ಪ್ರಯಾಣಿಕರಿಗೂ ಅದೇ ಇಷ್ಟ, ಇಳಿದ ಮೇಲೆ ಚಪ್ಪಾಳೆ ತಟ್ಟುವವರೂ ಉಂಟು. ಗಿಡ್ಡ ರನ್‌ವೇಯಲ್ಲಿ ಒಳ್ಳೆಯ ಇಳಿಕೆಯೆಂದರೆ ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ಊರುವುದು. ಅಳೆಯುವ ಕೋಲು ತಪ್ಪಿದರೆ ಸುರಕ್ಷತಾ ವಿಭಾಗವೇ ಅಪಾಯದ ಅಭ್ಯಾಸ ಕಲಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಪರಿಹಾರದ ವ್ಯಾಜ್ಯಗಳು ಇನ್ನೊಂದು ದೀರ್ಘ ಕಥೆ. ಅಂತರರಾಷ್ಟ್ರೀಯ ವಿಮಾನಗಳ ಪ್ರಯಾಣಿಕರಿಗೆ ಪರಿಹಾರದ ನಿಯಮ ಹೇಳುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 2009ರಲ್ಲಿ. ಅದು ಹೇಳುವ ಮೊತ್ತ ಎಲ್ಲರಿಗೂ ಸಿಗಬೇಕಾದ ಕನಿಷ್ಠವೋ, ನಷ್ಟ ಸಾಬೀತಾದಷ್ಟಕ್ಕೆ ಮಾತ್ರವೋ ಎಂದು ಕೇರಳ ಹೈಕೋರ್ಟಿನಲ್ಲಿ ವಾದ ನಡೆಯಿತು. ಏಕಸದಸ್ಯ ಪೀಠ ಕುಟುಂಬಗಳ ಪರ, ವಿಭಾಗೀಯ ಪೀಠ ವಿರುದ್ಧ. 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಿಸಿತು. ಸತ್ತವರ ಸಂಬಳದ ಮೇಲೆ ನಿಂತ ಲೆಕ್ಕ ಅದು. ಕೊಲ್ಲಿಯಲ್ಲಿ ಕೂಲಿ ಮಾಡುತ್ತಿದ್ದವರ ಮನೆಗಳಿಗೆ ಅಂಥ ಲೆಕ್ಕ ಒದಗುವುದಿಲ್ಲ. ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದ ಕೂಳೂರು–ತಣ್ಣೀರುಬಾವಿಯ ನದಿ ದಂಡೆಯಲ್ಲಿ ಸ್ಮಾರಕ ಉದ್ಯಾನವಿದೆ.

ವಿಮಾನ ಅಪಘಾತಗಳ ತನಿಖೆಗೆ ಸ್ವತಂತ್ರ ಸಂಸ್ಥೆ ಬೇಕೆಂದು ಗೋಖಲೆ ವರದಿ ಕೇಳಿತ್ತು. 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೊ ಹುಟ್ಟಿತು. 2020ರ ಆಗಸ್ಟ್ 7ರಂದು ಅದೇ ವಿಮಾನ ಸಂಸ್ಥೆಯ, ಅದೇ ಮಾದರಿಯ, ದುಬೈಯಿಂದಲೇ ಬಂದ ಇನ್ನೊಂದು ವಿಮಾನ ಕೋಯಿಕ್ಕೋಡ್‌ನ ಟೇಬಲ್ ಟಾಪ್ ರನ್‌ವೇ ದಾಟಿ ಕೆಳಗೆ ಬಿತ್ತು. ಸತ್ತವರು 21. ಅಲ್ಲಿ ಮಳೆಯಿತ್ತು, ಹಿಂದಿನಿಂದ ಗಾಳಿಯಿತ್ತು. ಅಲ್ಲಿನ ಸುರಕ್ಷತಾ ಪಟ್ಟಿಯನ್ನು ರನ್‌ವೇಯಿಂದಲೇ ಒಂದಿಷ್ಟು ಕಳೆದು 240 ಮೀಟರ್ ಮಾಡಿದ್ದರು, ವಿಮಾನ ಅದನ್ನೂ ದಾಟಿತು. ಸ್ಥಿರವಲ್ಲದ ಇಳಿಕೆ, ರನ್‌ವೇ ಅರ್ಧ ಮುಗಿಯುತ್ತಾ ಬಂದಾಗ ನೆಲ ಮುಟ್ಟಿದ್ದು, "ಗೋ ಅರೌಂಡ್" ಎಂದು ಸಹ ಪೈಲಟ್ ಕೂಗಿದ್ದು, ಕ್ಯಾಪ್ಟನ್ ಕೇಳದಿದ್ದದ್ದು, ಎಲ್ಲ ಮತ್ತೊಮ್ಮೆ. ವ್ಯತ್ಯಾಸ ಒಂದಿತ್ತು. ಮಂಗಳೂರಿನ ವರದಿ ಸಹ ಪೈಲಟ್‌ನ ಹಿಂಜರಿಕೆಗೆ ನಿಯಮಗಳ ಗೊಂದಲವನ್ನು ಕಾರಣವಾಗಿ ಕಂಡಿತ್ತು. ಬ್ಯೂರೊದ ವರದಿಯಲ್ಲಿ ಆ ರಿಯಾಯಿತಿ ಇಲ್ಲ: ನಿಯಂತ್ರಣ ಕೈಗೆ ತೆಗೆದುಕೊಂಡು ವಿಮಾನವನ್ನು ಮೇಲೇರಿಸದೆ ಇದ್ದದ್ದು ಸಹ ಪೈಲಟ್‌ನ ವೈಫಲ್ಯ ಎಂದು ಅದು ಸಂಭವನೀಯ ಕಾರಣದ ಒಳಗೇ ಬರೆಯಿತು.